ಫ್ಯೂಸರ್, ಎಲ್‌ಸಾಫ್: ಫೈಲ್ ಹಿಡಿದುಕೊಂಡ ಪ್ರೋಸೆಸ್ ಹುಡುಕಲು ಯಾವುದು ಮೇಲು?

ಲಿನಕ್ಸ್‌ನಲ್ಲಿ ಡಿಸ್ಕ್ ಅನ್‌ಮೌಂಟ್ ಮಾಡಲು, ಅಂದರೆ ಸಿಸ್ಟಂನಿಂದ ಬಿಡಿಸಲು ಹೋದರೆ ಕೆಲವೊಮ್ಮೆ 'ಟಾರ್ಗೆಟ್ ಈಸ್ ಬಿಝಿ' ಅಂತ ಬರುತ್ತದೆ. ಯಾವ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ಹಿಡಿದುಕೊಂಡಿದೆ ಅಂತ ಮಾತ್ರ ಅದು ಹೇಳುವುದಿಲ್ಲ. ಅದನ್ನು ಹೇಳುವ ಎರಡು ಟೂಲ್‌ಗಳು ಫ್ಯೂಸರ್ ಮತ್ತು ಎಲ್‌ಸಾಫ್. ನೋಡುವುದಕ್ಕೆ ಎರಡೂ ಚೆನ್ನಾಗಿವೆ. ಆದರೆ ಪ್ರೋಸೆಸ್ ಕೊಲ್ಲುವ ಕೆಲಸವನ್ನು ಫ್ಯೂಸರ್‌ಗೆ ವಹಿಸುವ ಮುಂಚೆ ದಯವಿಟ್ಟು ಇದನ್ನು ಓದಿ.

ಫ್ಯೂಸರ್ ಚಿಕ್ಕದು, ಚುರುಕು. ಲಿನಕ್ಸ್‌ನಲ್ಲಿ ಪಿಎಸ್‌ಮಿಸ್ಕ್ ಪ್ಯಾಕೇಜ್ ಜೊತೆ ಬರುತ್ತದೆ. ಮೌಂಟ್ ಮಾಡಿದ ಜಾಗದ ಹೆಸರಿಗಿಂತ ಮೊದಲು ಮೈನಸ್ ವಿ, ಮೈನಸ್ ಎಂ ಹಾಕಿದರೆ ಯೂಸರ್, ಪಿಐಡಿ (ಪ್ರೋಸೆಸ್‌ನ ನಂಬರ್), ಕಮಾಂಡ್ ಎಲ್ಲ ಸಾಲಾಗಿ ಬರುತ್ತವೆ. ನನಗೆ ತುಂಬಾ ಇಷ್ಟವಾಗುವುದು ಅದರ ಆಕ್ಸೆಸ್ ಕಾಲಂ. ಚುಕ್ಕಿಗಳ ನಡುವೆ ಒಂದು 'ಸಿ' ಕಂಡರೆ ಆ ಪ್ರೋಸೆಸ್ ಯಾವ ಫೈಲನ್ನೂ ತೆರೆದಿರಬೇಕಿಲ್ಲ, ಸುಮ್ನೆ ಆ ಡೈರೆಕ್ಟರಿಯಲ್ಲಿ ನಿಂತಿದೆ ಅಂತ ಅರ್ಥ. ಕಮಾಂಡ್ ಜಾಗದಲ್ಲಿ ಬ್ಯಾಷ್ (ಟರ್ಮಿನಲ್‌ನ ಶೆಲ್) ಇದ್ದರೆ ಯಾವುದೋ ಟರ್ಮಿನಲ್ ಅಲ್ಲಿ ತೆರೆದಿದೆ. ಸಿಡಿ ಕಮಾಂಡ್ ಕೊಟ್ಟು ಆ ಡೈರೆಕ್ಟರಿಯಿಂದ ಹೊರಗೆ ಬಂದರೆ ಸಾಕು, ಕೊಲ್ಲುವ ಮಾತೇ ಇಲ್ಲ. ದೊಡ್ಡ ಎಫ್ ಇದ್ದರೆ ಮಾತ್ರ ಹುಷಾರು, ಅದು ಬರೆಯಲು ತೆರೆದ ಫೈಲ್.

ಈಗ ನನ್ನ ದೊಡ್ಡ ದೂರು. ಪ್ರೋಸೆಸ್ ಕೊಲ್ಲಲು ಮೈನಸ್ ಕೆ ಕೊಟ್ಟರೆ ಲಿನಕ್ಸ್‌ನ ಫ್ಯೂಸರ್ ನೇರವಾಗಿ ಸಿಗ್‌ಕಿಲ್ ಕಳಿಸುತ್ತದೆ, ಅಂದರೆ 9ನೇ ಸಿಗ್ನಲ್. ಅದನ್ನು ಯಾವ ಪ್ರೋಗ್ರಾಮೂ ತಡೆಯಲಾರದು, ಬಫರ್‌ನಲ್ಲಿ (ಇನ್ನೂ ಡಿಸ್ಕ್‌ಗೆ ಹೋಗದೆ ಮೆಮೊರಿಯಲ್ಲಿ) ಉಳಿದ ಡೇಟಾ ಬರೆದು ಮುಗಿಸಲು, ಲಾಕ್ ಫೈಲ್ ಅಳಿಸಲು ಸಮಯವೇ ಸಿಗುವುದಿಲ್ಲ. ಮಾಮೂಲಿ ಕಿಲ್ ಕಮಾಂಡ್ ಮೊದಲು ಕಳಿಸುವುದು 15ನೇದು, ಸಿಗ್‌ಟರ್ಮ್, ಅಂದರೆ ಕೆಲಸ ಮುಗಿಸಿ ಹೊರಡು ಅನ್ನುವ ಕೋರಿಕೆ. ಫ್ಯೂಸರ್ ಕೂಡ ಹಾಗೇ ಇರಬೇಕಿತ್ತು, ಅಲ್ವಾ? ಅದಕ್ಕೇ ಮೈನಸ್ ಕೆ ಜೊತೆ ಮೈನಸ್ ಟರ್ಮ್ ಮತ್ತು ಮೈನಸ್ ಐ ಸೇರಿಸಿ. ಐ ಇದ್ದರೆ ಒಂದೊಂದು ಪ್ರೋಸೆಸ್‌ಗೂ ನಿಮ್ಮನ್ನು ಕೇಳಿಯೇ ಮುಂದೆ ಹೋಗುತ್ತದೆ.

ಇದಕ್ಕಿಂತ ಜಾಸ್ತಿ ಭಯ ಹುಟ್ಟಿಸುವುದು ಸಣ್ಣ ಎಂ. ನೀವು ಕೊಟ್ಟ ಡೈರೆಕ್ಟರಿಯಲ್ಲಿ ಆ ಹೊತ್ತಿಗೆ ಯಾವ ಡಿಸ್ಕೂ ಮೌಂಟ್ ಆಗಿಲ್ಲದಿದ್ದರೆ, ಆ ಡೈರೆಕ್ಟರಿ ಯಾವ ಫೈಲ್‌ಸಿಸ್ಟಂನಲ್ಲಿದೆಯೋ ಅದನ್ನೇ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದು ರೂಟ್ (ಇಡೀ ಸಿಸ್ಟಂ ಕೂತಿರುವ ಫೈಲ್‌ಸಿಸ್ಟಂ) ಆಗಿದ್ದು, ಜೊತೆಗೆ ಮೈನಸ್ ಕೆ ಇದ್ದರೆ, ಇಡೀ ಸಿಸ್ಟಂ ಮಲಗುತ್ತದೆ. ಸ್ಕ್ರಿಪ್ಟ್‌ನಲ್ಲಿ ಬರೆಯುವವರು ದೊಡ್ಡ ಎಂ ಕೂಡ ಹಾಕಲೇಬೇಕು, ಆಗ ಹೆಸರು ನಿಜವಾಗಿ ಮೌಂಟ್ ಪಾಯಿಂಟ್ ಆಗಿದ್ದರೆ ಮಾತ್ರ ಕೆಲಸ ನಡೆಯುತ್ತದೆ.

ಎಲ್‌ಸಾಫ್ ಬರೆದವರು ಪರ್ಡ್ಯೂ ವಿಶ್ವವಿದ್ಯಾಲಯದ ವಿಕ್ಟರ್ ಅಬೆಲ್. ಔಟ್‌ಪುಟ್ ಉದ್ದ, ಓದಲು ಅಭ್ಯಾಸ ಬೇಕು, ಆದರೆ ಕೊಡುವ ಮಾಹಿತಿಗೆ ಸಾಟಿ ಇಲ್ಲ. ನೆಟ್‌ವರ್ಕ್ ಪೋರ್ಟ್ ಯಾರ ಕೈಯಲ್ಲಿದೆ ಅಂತ ನೋಡಲು ಮೈನಸ್ ಐ, ಹೆಸರು ಹುಡುಕುತ್ತಾ ಕೂರದೆ ಬೇಗ ಮುಗಿಯಲು ಮೈನಸ್ ಎನ್ ಮತ್ತು ದೊಡ್ಡ ಪಿ.

ಅದರ ನಿಜವಾದ ಬೆಲೆ ಗೊತ್ತಾಗುವುದು ಡಿಸ್ಕ್ ತುಂಬಿದಾಗ. ಡಿಎಫ್ (ಉಳಿದ ಜಾಗ ತೋರಿಸುವ ಕಮಾಂಡ್) ನೋಡಿದರೆ ಜಾಗ ಇಲ್ಲ ಅನ್ನುತ್ತದೆ, ಡಿಯು (ಫೈಲ್‌ಗಳ ಸೈಜ್ ಕೂಡಿ ಹೇಳುವ ಕಮಾಂಡ್) ನೋಡಿದರೆ ಅಷ್ಟು ಫೈಲ್‌ಗಳೇ ಇಲ್ಲ. ಯಾರೋ ದೊಡ್ಡ ಲಾಗ್ ಫೈಲನ್ನು ಅಳಿಸಿರುತ್ತಾರೆ, ಆದರೆ ಬರೆಯುತ್ತಿದ್ದ ಪ್ರೋಸೆಸ್ ಅದನ್ನು ಬಿಟ್ಟಿರುವುದಿಲ್ಲ. ಯೂನಿಕ್ಸ್‌ನಲ್ಲಿ ಅಳಿಸುವುದೆಂದರೆ ಹೆಸರು ತೆಗೆಯುವುದಷ್ಟೇ, ಕೊನೆಯ ಪ್ರೋಸೆಸ್ ಮುಚ್ಚುವ ತನಕ ಜಾಗ ವಾಪಸ್ ಬರುವುದಿಲ್ಲ. ಎಲ್‌ಸಾಫ್‌ಗೆ ಪ್ಲಸ್ ದೊಡ್ಡ ಎಲ್ 1 ಕೊಡಿ, ಹೆಸರು ಕಳೆದುಕೊಂಡು ಇನ್ನೂ ತೆರೆದಿರುವ ಫೈಲ್‌ಗಳೆಲ್ಲ ಸೈಜ್ ಸಮೇತ ಎದುರಿಗೆ ಬರುತ್ತವೆ. ಆ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಜಾಗ ತಕ್ಷಣ ವಾಪಸ್. ಫೈಲ್ ಹೆಸರನ್ನೇ ಕೇಳುವ ಫ್ಯೂಸರ್‌ಗೆ ಇದು ಸಾಧ್ಯವಿಲ್ಲ, ಹೆಸರೇ ಇಲ್ಲವಲ್ಲ.

ಎಲ್‌ಸಾಫ್‌ಗೆ ಕೊರತೆಗಳೂ ಇವೆ. ದೊಡ್ಡ ಡೈರೆಕ್ಟರಿಯ ಮೇಲೆ ಪ್ಲಸ್ ಡಿ ಓಡಿಸಿದರೆ, ಅಂದರೆ ದೊಡ್ಡ ಡಿ, ತುಂಬಾ ನಿಧಾನ. ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲ್ ಕೊಡುವ) ಸರ್ವರ್ ಉತ್ತರ ಕೊಡದಿದ್ದರೆ ಎಲ್‌ಸಾಫ್ ತಾನೇ ಸಿಕ್ಕಿಹಾಕಿಕೊಳ್ಳಬಹುದು, ಆಗ ಮೈನಸ್ ಬಿ ಹಾಕಿ ನೋಡಿ. ಸುಡೋ (ರೂಟ್ ಯೂಸರ್‌ನ ಅಧಿಕಾರ) ಇಲ್ಲದೆ ಓಡಿಸಿದರೆ ಎರಡೂ ಟೂಲ್‌ಗಳು ಬೇರೆಯವರ ಪ್ರೋಸೆಸ್‌ಗಳ ಫೈಲ್‌ಗಳನ್ನು ತೋರಿಸುವುದಿಲ್ಲ, ಖಾಲಿ ಔಟ್‌ಪುಟ್ ನೋಡಿ ಯಾರೂ ಇಲ್ಲ ಅಂತ ನಂಬಬೇಡಿ.

ರೂಟ್ ಯೂಸರ್ ಆಗಿ ನೋಡಿದರೂ ಪ್ರೋಸೆಸ್ ಸಿಗದಿದ್ದರೆ ಹಿಡಿದುಕೊಂಡಿರುವುದು ಸಿಸ್ಟಂನ ತಿರುಳಾದ ಕರ್ನಲ್ಲೇ ಇರಬಹುದು. ಆ ಡಿಸ್ಕ್‌ನಲ್ಲಿ ಸ್ವಾಪ್ ಫೈಲ್ (ಮೆಮೊರಿ ಸಾಲದಾಗ ಬಳಸುವ ಫೈಲ್) ಇದೆಯೇ, ಯಾವುದಾದರೂ ಡಿಸ್ಕ್ ಇಮೇಜ್ ಫೈಲ್ ಲೂಪ್ ಡಿವೈಸ್ ಆಗಿ ಮೌಂಟ್ ಆಗಿದೆಯೇ, ಒಳಗೆ ಇನ್ನೊಂದು ಮೌಂಟ್ ಇದೆಯೇ ನೋಡಿ. ಬೇಸತ್ತು ಅನ್‌ಮೌಂಟ್‌ಗೆ ಮೈನಸ್ ಎಲ್ ಕೊಡುವವರು ಬಹಳ ಜನ. ಅದು ಹೆಸರನ್ನು ಮಾತ್ರ ಮರೆಮಾಡುತ್ತದೆ, ಫೈಲ್ ತೆರೆದಿಟ್ಟ ಪ್ರೋಸೆಸ್ ಬರೆಯುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಡ್ರೈವ್ ಕಿತ್ತರೆ ಡೇಟಾ ಹೋಗಬಹುದು.