ದಾನವಾಗಿ ಬಂದ ಮರದ ಬ್ಲಾಕ್‌ಗಳು: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಮೂರರಿಂದ ಐದು ವರ್ಷದ ಮಕ್ಕಳಿರುವ ನಮ್ಮ ಶಿಶುತರಗತಿಗೆ ಕಲಿಕಾ ಸಾಮಗ್ರಿಗಳು ಬಹುಮಟ್ಟಿಗೆ ದಾನವಾಗಿಯೇ ಬರುತ್ತವೆ. ವರ್ಷಕ್ಕೆಂದು ಸಿಗುವ ಹಣವು ಕಾಗದ, ಬಣ್ಣ, ಅಂಟುಗಳಿಗೇ ಸರಿಹೋಗುತ್ತದೆ. ಗಟ್ಟಿಮರದ ಯೂನಿಟ್ ಬ್ಲಾಕ್‌ಗಳ ಪೂರ್ಣ ಸೆಟ್ಟನ್ನು ಕೊಳ್ಳುವ ಯೋಚನೆಯನ್ನೂ ನಾವು ಮಾಡುವಂತಿಲ್ಲ. ಆದ್ದರಿಂದ, ಮಕ್ಕಳು ಬೆಳೆದು ದೊಡ್ಡವರಾದ ಎರಡು ಮನೆಗಳಿಂದ ಪೆಟ್ಟಿಗೆ ತುಂಬ ಇಂಥ ಬ್ಲಾಕ್‌ಗಳೂ ಅವುಗಳ ಜೊತೆಗೆ ಒಂದರ ಮೇಲೊಂದು ಪೇರಿಸುವ ಘನಗಳ ಒಂದು ಗುಲಾಬಿ ಗೋಪುರವೂ ಕೆಲವು ಜಿಗ್ಸಾ ಪಜಲ್‌ಗಳೂ ಬಂದಾಗ ಸಹಜವಾಗಿಯೇ ಹಿಗ್ಗಿದೆವು. ಈಗ ಮಕ್ಕಳ ಹಲವು ತಂಡಗಳು ಅವುಗಳೊಂದಿಗೆ ಆಡಿ ಮುಂದಿನ ತರಗತಿಗೆ ಹೋಗಿರುವುದರಿಂದ, ಆ ಹಿಗ್ಗಿನಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಬರೆಯಬಹುದು.

ಯಾವ ಮರ, ಎಷ್ಟು ತುಂಡು, ಯಾವ ಆಕಾರ ಎಂಬ ವಿವರಗಳು ತಯಾರಕರ ಪಟ್ಟಿಗಳಲ್ಲಿ ಸಿಗುತ್ತವೆ. ನಮಗೆ ತಲೆನೋವಾದದ್ದು ಅಳತೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಶಿಕ್ಷಕಿ ಕ್ಯಾರೊಲಿನ್ ಪ್ರಾಟ್ ರೂಪಿಸಿ, 1914ರಲ್ಲಿ ನ್ಯೂಯಾರ್ಕಿನಲ್ಲಿ ತಾವು ಆರಂಭಿಸಿದ ಶಾಲೆಯಲ್ಲಿ ಬಳಸಿದ ಈ ಬ್ಲಾಕ್‌ಗಳ ಜೀವಾಳವೇ ಅಳತೆಯ ನಂಟು. ಮೂಲ ತುಂಡಿನ ದಪ್ಪ ಸುಮಾರು 3.5 ಸೆಂಟಿಮೀಟರ್, ಅಗಲ ಅದರ ಎರಡರಷ್ಟು, ಉದ್ದ ನಾಲ್ಕರಷ್ಟು. ಉಳಿದ ತುಂಡುಗಳಲ್ಲಿ ಹೆಚ್ಚಿನವು ಅದರ ಅರ್ಧ, ದುಪ್ಪಟ್ಟು ಅಥವಾ ನಾಲ್ಕು ಪಟ್ಟು ಉದ್ದದವು. ಉದ್ದನೆಯ ತುಂಡು ಮುಗಿದುಹೋದಾಗ ಎರಡು ಗಿಡ್ಡ ತುಂಡುಗಳನ್ನು ಸಾಲಾಗಿಟ್ಟು ಅದೇ ಜಾಗವನ್ನು ತುಂಬಿಸುವ ಮಗು, ಅರ್ಧ ಎಂಬ ಮಾತನ್ನು ಕಲಿಯುವ ಮೊದಲೇ ಅರ್ಧವೆಂದರೇನೆಂದು ಕೈಯಲ್ಲಿ ತಿಳಿದಿರುತ್ತದೆ.

ಎರಡು ಮನೆಗಳ ಬ್ಲಾಕ್‌ಗಳು ಇಬ್ಬರು ಬೇರೆ ಬೇರೆ ತಯಾರಕರವು, ಮತ್ತು ನಮಗೆ ತಲುಪುವ ಮೊದಲೇ ಯಾರೋ ಅವೆರಡನ್ನೂ ಒಂದೇ ಪೆಟ್ಟಿಗೆಗೆ ಸುರಿದಿದ್ದರು. ಒಂದು ಬಗೆಯದು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಎನ್ನುವಂತೆ ತೆಳು; ಪಕ್ಕದಲ್ಲಿಟ್ಟು ನೋಡಿದರೂ ಮೊದಲ ನೋಟಕ್ಕೆ ಗೊತ್ತಾಗದು. ಆದರೆ ತುಂಡೊಂದರಲ್ಲಿ ಮೂರು ಮಿಲಿಮೀಟರ್ ಕಡಿಮೆಯಾದರೆ ಆರು ತುಂಡುಗಳ ಕಂಬದಲ್ಲಿ ಆ ಕೊರತೆ ಎರಡು ಸೆಂಟಿಮೀಟರಿನ ಹತ್ತಿರಕ್ಕೆ ಬರುತ್ತದೆ. ಎರಡು ಕಂಬಗಳನ್ನು ಲೆಕ್ಕವಿಟ್ಟು ಸಮನಾಗಿ ಎಬ್ಬಿಸಿ ಮೇಲೆ ಸೇತುವೆಯ ಹಲಗೆ ಇಟ್ಟ ಮಗುವಿನ ಎದುರಿಗೆ ಆ ಹಲಗೆ ಓರೆಯಾಗಿ ನಿಂತು, ಅದರ ಮೇಲಿಟ್ಟದ್ದೆಲ್ಲ ಜಾರಿ ಬೀಳುತ್ತಿತ್ತು. ನಾಲ್ಕು ವರ್ಷದ ಮಗು ಮರವನ್ನು ಸಂಶಯಿಸುವುದಿಲ್ಲ, ತನ್ನ ಕೈಯನ್ನೇ ಸಂಶಯಿಸುತ್ತದೆ. ಸರಿಯಾಗಿಯೇ ಎಣಿಸಿದ ಮಕ್ಕಳು ಮತ್ತೆ ಮತ್ತೆ ಎಣಿಸಿ, ಕೊನೆಗೆ ಸೇತುವೆಯನ್ನೇ ಬಿಟ್ಟು ಬರೀ ಸಾಲು ಜೋಡಿಸಲು ಹೊರಳಿದ್ದನ್ನು ಕಂಡಾಗ, ಸಿಕ್ಕಿದ್ದನ್ನೆಲ್ಲ ಒಟ್ಟುಗೂಡಿಸಿ ಕೊಡುವ ಔದಾರ್ಯದ ಮೇಲೆ ನನಗೆ ಸಿಟ್ಟೇ ಬಂದಿತ್ತು.

ಗುಲಾಬಿ ಗೋಪುರದ ಕಥೆ ಇನ್ನೂ ಕೆಟ್ಟದು. ಮಾರಿಯಾ ಮಾಂಟೆಸರಿ ಪದ್ಧತಿಯ ಈ ಸಾಮಗ್ರಿಯಲ್ಲಿ ಹತ್ತು ಘನಗಳಿರಬೇಕು. ಅತಿ ಚಿಕ್ಕದರ ಅಂಚು ಒಂದು ಸೆಂಟಿಮೀಟರ್, ಅತಿ ದೊಡ್ಡದರದ್ದು ಹತ್ತು. ಬಣ್ಣ, ಆಕಾರ, ನುಣುಪು ಎಲ್ಲವೂ ಒಂದೇ, ಬದಲಾಗುವುದು ಗಾತ್ರ ಮಾತ್ರ. ಮಗುವಿನ ಗಮನ ಅತ್ತಿತ್ತ ಹೋಗದಿರಲೆಂಬುದೇ ಆ ವಿನ್ಯಾಸದ ಉದ್ದೇಶ. ನಮಗೆ ಬಂದ ಗೋಪುರದಲ್ಲಿ ನಾಲ್ಕು ಸೆಂಟಿಮೀಟರಿನ ಘನ ಇರಲಿಲ್ಲ. ಬಡಗಿಯೊಬ್ಬರಿಂದ ಅದೇ ಅಳತೆಯ ಘನವನ್ನು ಮಾಡಿಸಿ ಬಣ್ಣ ಬಳಿದೆವು, ಆದರೆ ಹಳೆಯ ಗುಲಾಬಿಗೂ ಹೊಸ ಗುಲಾಬಿಗೂ ಹೊಂದಾಣಿಕೆಯಾಗಲಿಲ್ಲ. ಮಕ್ಕಳು ಗಾತ್ರವನ್ನು ಬಿಟ್ಟು ಆ ಬೇರೆ ಬಣ್ಣದ ಘನವನ್ನೇ ಮೊದಲು ಎತ್ತಿಕೊಳ್ಳತೊಡಗಿದರು. ಮಕ್ಕಳಿಗೆ ಸುರಕ್ಷಿತವಾದ ಬಣ್ಣವನ್ನು ತರಿಸಿ ಹತ್ತಕ್ಕೂ ಹೊಸದಾಗಿ ಬಳಿದ ಮೇಲಷ್ಟೇ ಗೋಪುರ ಮತ್ತೆ ಗೋಪುರವಾಯಿತು. ತುಂಡು ಕಳೆದ ಜಿಗ್ಸಾ ಪಜಲ್‌ಗಳಿಗೆ ಇಷ್ಟು ಶ್ರಮವೂ ತಕ್ಕದ್ದಲ್ಲ. ಅವುಗಳಲ್ಲಿ ಪೂರ್ತಿಯಾಗಿದ್ದ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಅಂಟಿಸುವ ಕೆಲಸಕ್ಕೆ ಕೊಟ್ಟೆವು.

ಬ್ಲಾಕ್‌ಗಳನ್ನು ಬೇರ್ಪಡಿಸುವ ಕೆಲಸವನ್ನು ದೊಡ್ಡ ಮಕ್ಕಳಿಗೇ ಒಪ್ಪಿಸಿದಾಗ ನನ್ನ ಸಿಟ್ಟು ಇಳಿಯಿತು. ಒಂದು ಹಳೆಯ ತುಂಡನ್ನು ಮಾದರಿಯಾಗಿ ನೆಲದ ಮೇಲಿಟ್ಟು, ಉಳಿದವನ್ನು ಅದರ ಪಕ್ಕಕ್ಕೆ ಒತ್ತಿ, ಎರಡರ ಮೇಲೂ ಹೆಬ್ಬೆರಳನ್ನು ಎಳೆದು ನೋಡುವುದನ್ನು ತೋರಿಸಿಕೊಟ್ಟೆ. ಬೆರಳು ಎಡವಿದರೆ ಅದು ಬೇರೆ ಬುಟ್ಟಿಗೆ. ಕಣ್ಣಿಗೆ ಕಾಣದ ಅಂತರ ಬೆರಳಿಗೆ ಸಿಗುತ್ತದೆಂಬುದು ಅವರಿಗೆ ಎಷ್ಟು ಹಿಡಿಸಿತೆಂದರೆ, ವಿಂಗಡಣೆ ಮುಗಿದ ಎಷ್ಟೋ ದಿನಗಳ ನಂತರವೂ ಕಿಟಕಿಯ ಚೌಕಟ್ಟು, ಮೇಜಿನ ಅಂಚು, ಪುಸ್ತಕಗಳ ರಾಶಿಯ ಮೇಲೆಲ್ಲ ಹೆಬ್ಬೆರಳುಗಳು ಹರಿದಾಡುತ್ತಿದ್ದವು. ಯಾವ ಹೊಸ ಸೆಟ್ಟಿನಲ್ಲೂ ಈ ಪಾಠ ಸಿಗುತ್ತಿರಲಿಲ್ಲ. ತೆಳು ತುಂಡುಗಳು ಈಗ ಮೂರು ವರ್ಷದವರ ಪಾಲು. ಆ ವಯಸ್ಸಿನವರು ಬ್ಲಾಕ್‌ಗಳನ್ನು ಹೊತ್ತು ತಿರುಗುವುದು, ನೆಲದ ಮೇಲೆ ಸಾಲಾಗಿಡುವುದು, ಗಿಡ್ಡ ಕಂಬ ಎಬ್ಬಿಸಿ ಕೆಡವುವುದು ಇಷ್ಟರಲ್ಲೇ ತೃಪ್ತರಾದ್ದರಿಂದ ಅಳತೆಯ ಕೊರತೆ ಅವರನ್ನು ಕಾಡುವುದಿಲ್ಲ. ಸೇತುವೆ ಮತ್ತು ಆವರಣಗಳ ಹಂತಕ್ಕೆ ಬಂದವರಿಗೆ ಒಂದೇ ಬಗೆಯ ತುಂಡುಗಳು ಸಿಗುತ್ತವೆ.

ದಿನದಲ್ಲಿ ನನಗೆ ಅತಿ ಪ್ರಿಯವಾದದ್ದು ಆಟ ಮುಗಿದು ಎಲ್ಲವನ್ನೂ ತೆಗೆದಿಡುವ ಹೊತ್ತು. ಕಪಾಟಿನ ಪ್ರತಿ ಅರೆಯ ಮೇಲೂ ಆಯಾ ಬ್ಲಾಕಿನ ಆಕಾರವನ್ನು ಗಾಢ ಬಣ್ಣದ ಕಾಗದದಲ್ಲಿ ಕತ್ತರಿಸಿ ಅಂಟಿಸಿದ್ದೇವೆ. ಮಗು ತುಂಡನ್ನು ಆ ನೆರಳಿನ ಮೇಲಿಟ್ಟು, ಅಂಚಿಗೆ ಅಂಚು ಕೂಡಿತೇ ಎಂದು ಬಗ್ಗಿ ನೋಡಿ, ಆಮೇಲೆ ಮುಂದಿನದನ್ನು ತರಲು ಹೋಗುತ್ತದೆ. ನಾಲ್ಕು ಪಟ್ಟು ಉದ್ದದ ತುಂಡನ್ನು ಒಬ್ಬರೇ ಹೊರಬಲ್ಲರಾದರೂ ಇಬ್ಬರೇ ಹೊರಬೇಕೆಂಬುದು ಮಕ್ಕಳು ತಾವೇ ಮಾಡಿಕೊಂಡ ನಿಯಮ, ಮತ್ತು ಹಿಂದಿನ ತಂಡ ಹೋದರೂ ಆ ನಿಯಮ ಉಳಿದಿದೆ. ವಾರದ ಕೊನೆಗೆ ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ತುಂಡುಗಳನ್ನು ಒರೆಸುತ್ತೇವೆ, ಅಂಗೈಯನ್ನು ಅಂಚುಗಳ ಮೇಲೆ ಸವರಿ ಸಿಬಿರು ಎದ್ದಿದ್ದರೆ ಉಪ್ಪುಕಾಗದದಿಂದ ಉಜ್ಜುತ್ತೇವೆ. ನೀರಿನಲ್ಲಿ ಮುಳುಗಿಸುವಂತಿಲ್ಲ, ನೀರು ಕುಡಿದ ಮರ ಉಬ್ಬಿದರೆ ಅಳತೆ ಮತ್ತೆ ಕೈತಪ್ಪುತ್ತದೆ.

ಬಂದದ್ದನ್ನೆಲ್ಲ ಒಮ್ಮೆಗೇ ಹೊರಗಿಡುವ ಪದ್ಧತಿಯನ್ನು ಕೈಬಿಟ್ಟಿದ್ದೇವೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 36 ಎಳೆಯ ಮಕ್ಕಳನ್ನು ನಾಲ್ಕು ಆಟಿಕೆಗಳ ನಡುವೆಯೂ ಹದಿನಾರು ಆಟಿಕೆಗಳ ನಡುವೆಯೂ ಬಿಟ್ಟು ನೋಡಿದಾಗ, ನಾಲ್ಕೇ ಇದ್ದಾಗ ಅವರು ಒಂದೊಂದರ ಜೊತೆಗೆ ಹೆಚ್ಚು ಹೊತ್ತು, ಹೆಚ್ಚು ಬಗೆಗಳಲ್ಲಿ ಆಡಿದ್ದರು. ಅವರು ನಮ್ಮ ಮಕ್ಕಳಿಗಿಂತ ಚಿಕ್ಕವರು, ಆದರೂ ದಾನದ ಪೆಟ್ಟಿಗೆಗಳಿಂದ ತುಂಬಿ ತುಳುಕುವ ಕಪಾಟಿನ ಎದುರು ಏನನ್ನೂ ಆರಿಸಲಾಗದೆ ನಿಲ್ಲುವ ಮಗುವನ್ನು ಕಂಡ ಯಾರಿಗೂ ಆ ಫಲಿತಾಂಶ ಅಚ್ಚರಿ ತರಲಾರದು.

ಸುರಕ್ಷತೆಯ ಒಂದು ಮಾತು ಇಲ್ಲಿ ಅಗತ್ಯ. ಅಮೆರಿಕದ ನಿಯಮದಂತೆ ಮೂರು ವರ್ಷದೊಳಗಿನವರ ಆಟಿಕೆಗಳನ್ನು 31.7 ಮಿಲಿಮೀಟರ್ ವ್ಯಾಸದ ಕೊಳವೆಯಲ್ಲಿ ಹಾಕಿ ಪರೀಕ್ಷಿಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಗಂಟಲಲ್ಲಿ ಸಿಕ್ಕಿಕೊಳ್ಳಬಹುದೆಂದು ಲೆಕ್ಕ. ಗುಲಾಬಿ ಗೋಪುರದ ಒಂದು ಮತ್ತು ಎರಡು ಸೆಂಟಿಮೀಟರಿನ ಘನಗಳು ಆ ಕೊಳವೆಗೆ ಸಲೀಸಾಗಿ ಇಳಿಯುತ್ತವೆ. ಚಿಕ್ಕ ತಮ್ಮ ತಂಗಿಯರು ಜೊತೆಗೆ ಬರುವ ದಿನಗಳಲ್ಲಿ ಗೋಪುರ ಮೇಲಿನ ಅರೆಗೆ ಹೋಗುತ್ತದೆ. ಗುಂಡಿಯಾಕಾರದ ಬ್ಯಾಟರಿ ಅಥವಾ ಕಳಚಿ ಬರುವ ಅಯಸ್ಕಾಂತವಿರುವ ಆಟಿಕೆಗಳನ್ನು ನಾವು ಯಾವ ವಯಸ್ಸಿನವರಿಗೂ ತೆಗೆದುಕೊಳ್ಳುವುದಿಲ್ಲ.

ಯಾರಾದರೂ ಸಾಮಗ್ರಿ ಕೊಡುತ್ತೇವೆಂದು ಬಂದಾಗ ಈಗ ನಾವು ಅದು ಎಷ್ಟು ಹಳೆಯದೆಂದು ಕೇಳುವುದಿಲ್ಲ, ಏಕೆಂದರೆ ಗಟ್ಟಿಮರದ ಬ್ಲಾಕಿಗೆ ವಯಸ್ಸು ತೊಂದರೆಯೇ ಅಲ್ಲ, ಮತ್ತು ಅದರಲ್ಲಿ ಹತ್ತು ತುಂಡು ಕಳೆದಿದ್ದರೂ ಉಳಿದವು ಪೂರ್ತಿ ಕೆಲಸಕ್ಕೆ ಬರುತ್ತವೆ. ಒಂದೇ ತಯಾರಕರದ್ದೇ, ಬೇರೆ ಸೆಟ್ಟಿನ ಜೊತೆ ಬೆರೆತಿದೆಯೇ ಎಂದು ಕೇಳುತ್ತೇವೆ. ಬೆರೆತಿದ್ದರೂ ತೆಗೆದುಕೊಂಡು, ವಿಂಗಡಣೆಗೆ ಎರಡು ಬುಟ್ಟಿಗಳನ್ನು ಇಡುತ್ತೇವೆ. ಎಣಿಕೆಯ ಮೇಲೆ ನಿಂತ ಗೋಪುರ, ಪಜಲ್‌ಗಳಾದರೆ ಅವರ ಎದುರಿಗೇ ನೆಲದ ಮೇಲೆ ಹರಡಿ ಎಣಿಸಿ, ಕಡಿಮೆಯಿದ್ದರೆ ಮನೆಯಲ್ಲಿ ಮಂಚದ ಕೆಳಗೆ ಇನ್ನೊಮ್ಮೆ ಹುಡುಕಿ ತರುವಂತೆ ಹೇಳಿ ಕಳುಹಿಸುತ್ತೇವೆ. ಹಾಗೆ ಹೋದವರಲ್ಲಿ ಹಲವರು ಕಳೆದ ತುಂಡಿನೊಂದಿಗೇ ಮರಳಿ ಬಂದಿದ್ದಾರೆ.