ಮ್ಯಾಗ್ನೆಟ್ ಬೇಡದ ಸೆನ್ಸರ್ ಜೋಡಿ: ಕೇಡೆನ್ಸಿಗೆ ಸೈ, ಸ್ಪೀಡಿಗೆ ಸ್ವಲ್ಪ ಯೋಚಿಸಿ

ಸೈಕಲ್ಲಿಗೆ ಸ್ಪೀಡ್, ಕೇಡೆನ್ಸ್ (ಪೆಡಲ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ) ಸೆನ್ಸರ್ ಹಾಕಿಕೊಡ್ತೀರಾ ಎಂದು ಕೇಳಿದ್ದಕ್ಕೆ ಜಯನಗರದ ಒಂದು ಅಂಗಡಿಯ ಹುಡುಗ "ಫಿಟ್ಟಿಂಗ್ ಚಾರ್ಜ್ ಬೇರೆ ಆಗುತ್ತೆ ಸಾರ್" ಅಂದ. ಫಿಟ್ಟಿಂಗ್ ಅಂದರೆ ರಬ್ಬರ್ ಬ್ಯಾಂಡ್ ಎಳೆದು ಸಿಕ್ಕಿಸುವುದು. ಅಷ್ಟೇ! ಆನ್‌ಲೈನಲ್ಲಿ ಒಂದು ಚೀನಾ ಜೋಡಿ ತರಿಸಿ ನಾನೇ ಕೂರಿಸಿದೆ.

ಹಳೇ ಸೆನ್ಸರ್‌ಗಳಿಗೆ ಸ್ಪೋಕ್ಸಿಗೊಂದು ಮ್ಯಾಗ್ನೆಟ್ ಬೇಕಿತ್ತು. ನಮ್ಮ ರೋಡ್ ಹಂಪುಗಳಿಗೆ ಅದು ಒಂಚೂರು ಜರುಗಿದರೂ ಸ್ಪೀಡ್ ಸೊನ್ನೆ. ಇದರಲ್ಲಿ ಆ ರಗಳೆ ಇಲ್ಲ, ತಿರುಗುವುದನ್ನು ಒಳಗಿನ ಚಿಪ್ಪೇ ಗುರುತಿಸುತ್ತದೆ. ಬ್ಲೂಟೂತ್, ಆಂಟ್ ಪ್ಲಸ್ (ಸೈಕಲ್ ಕಂಪ್ಯೂಟರುಗಳು ಬಳಸುವ ವೈರ್ ಇಲ್ಲದ ಸಂಪರ್ಕ) ಎರಡೂ ಇವೆ. ಸೆಲ್ಲು ಸಿಆರ್ 2032, ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಕೇಡೆನ್ಸ್ ಸೆನ್ಸರ್ ಕೂರುವುದು ಎಡಗಡೆ ಕ್ರ್ಯಾಂಕಿನ (ಪೆಡಲ್ ಕೂತಿರುವ ತೋಳಿನ) ಒಳಮೈಗೆ, ಅಂದರೆ ಫ್ರೇಮ್ ಕಡೆಗೆ. ಗಮನ ಬೇಕಾದ ಜಾಗ ಇದೊಂದೇ. ಬ್ಯಾಂಡ್ ಹಾಕಿದ ಮೇಲೆ ಪೆಡಲನ್ನು ಕೈಯಲ್ಲಿ ಹಿಂದಕ್ಕೆ ನಿಧಾನವಾಗಿ ತಿರುಗಿಸಿ. ಹಿಂಚಕ್ರಕ್ಕೆ ಹೋಗುವ ಫ್ರೇಮ್ ಪೈಪಿಗೆ ಸೆನ್ಸರ್ ತಾಗುತ್ತದಾ ನೋಡಿ. ನನ್ನ ಸೈಕಲ್ಲಲ್ಲಿ ಮಧ್ಯಕ್ಕೆ ಕಟ್ಟಿದರೆ ಸರ್ರ್ ಅಂತ ಉಜ್ಜುತ್ತಿತ್ತು. ಪೆಡಲ್ ಕಡೆಗೆ ಎರಡು ಬೆರಳಷ್ಟು ಸರಿಸಿದ ಮೇಲೆ ಸದ್ದಿಲ್ಲ. ಕ್ರ್ಯಾಂಕಿನ ಎಣ್ಣೆ ಜಿಡ್ಡು ಮೊದಲು ಒರೆಸಿಕೊಳ್ಳಿ, ಇಲ್ಲದಿದ್ದರೆ ಬ್ಯಾಂಡ್ ಜಾರುತ್ತದೆ. ಜೊತೆಗೆ ಬಂದ ಬ್ಯಾಂಡ್‌ಗಳು ಮಾತ್ರ ಸಾಧಾರಣ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಸಣ್ಣಗೆ ಬಿರುಕು ಬಿಟ್ಟವು.

ಸ್ಪೀಡ್ ಸೆನ್ಸರನ್ನು ಚಕ್ರದ ನಡುವಿನ ಹಬ್ಬಿಗೆ ಸುತ್ತಿ ಕಟ್ಟಬೇಕು. ಹಿಂದಿನ ಚಕ್ರ ಉರುಳೆಗೆ ಒತ್ತಿ ನಿಲ್ಲುವ ಟ್ರೇನರ್ ಮೇಲೆ ತುಳಿಯುವವರು ಹಿಂದಿನ ಹಬ್ಬಿಗೇ ಹಾಕಬೇಕು, ಮುಂದಿನ ಚಕ್ರ ಅಲ್ಲಿ ತಿರುಗುವುದೇ ಇಲ್ವಲ್ಲ. ಆಮೇಲೆ ಫೋನಿನ ಸೈಕ್ಲಿಂಗ್ ಆ್ಯಪ್‌ನಲ್ಲಿ ಚಕ್ರದ ಸುತ್ತಳತೆ ಸರಿಯಾಗಿ ಕೊಡಿ. 700 ಬೈ 25 (ಟೈರಿನ ಮೇಲೇ ಬರೆದಿರುವ ಅಳತೆ) ಟೈರಿಗೆ 2105 ಮಿಲಿಮೀಟರ್, ನನ್ನ 700 ಬೈ 32ಕ್ಕೆ 2155. ಚಿಕ್ಕ ಅಳತೆಯನ್ನೇ ಹಾಗೇ ಬಿಟ್ಟರೆ ನೀವು 100 ಕಿಲೋಮೀಟರ್ ತುಳಿದರೂ ಅದು 98ರ ಒಳಗೇ ತೋರಿಸುತ್ತದೆ. ತುಳಿದ ಕಿಲೋಮೀಟರ್ ಬಿಟ್ಟುಕೊಡೋದು ಯಾಕೆ?

ಪೇರಿಂಗ್ ಮಾಡುವಾಗ ಫೋನಿನ ಬ್ಲೂಟೂತ್ ಸೆಟ್ಟಿಂಗ್ಸಿಗೆ ಹೋಗಲೇಬೇಡಿ, ಆ್ಯಪ್ ಒಳಗಿಂದಲೇ ಹುಡುಕಿ. ಅದಕ್ಕೂ ಮೊದಲು ಕ್ರ್ಯಾಂಕ್, ಚಕ್ರ ನಾಲ್ಕು ಸುತ್ತು ತಿರುಗಿಸಿ. ನಿದ್ದೆಯಲ್ಲಿರುವ ಸೆನ್ಸರ್ ಯಾವ ಆ್ಯಪಿಗೂ ಕಾಣುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಬಯಲು ರಸ್ತೆಯಲ್ಲಿ ಜಿಪಿಎಸ್ ಸ್ಪೀಡೇ ಧಾರಾಳವಾಗಿ ಸಾಕು. ಕನಕಪುರ ರಸ್ತೆಯಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಡಬಲ್ ಡೆಕ್ಕರ್ ಫ್ಲೈಓವರಿನ ಕೆಳಗೆ ಹೋಗುವಾಗ ಕಥೆಯೇ ಬೇರೆ. ಮೇಲೆ ಒಂದು ರಸ್ತೆ, ಅದರ ಮೇಲೆ ಮೆಟ್ರೋ. ಸಿಗ್ನಲ್ಲಲ್ಲಿ ಕಾಲೂರಿ ನಿಂತಿದ್ದರೂ ಜಿಪಿಎಸ್ ನನ್ನನ್ನು ಓಡಿಸುತ್ತಿತ್ತು. ಸೆನ್ಸರ್ ಸುಮ್ನೆ ಸೊನ್ನೆ ತೋರಿಸಿತು.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಕೇಡೆನ್ಸ್. ನಂದಿ ಬೆಟ್ಟದ ತಿರುವುಗಳಲ್ಲಿ ದಮ್ಮು ಕಟ್ಟಿ ತುಳಿಯುವಾಗ ನಿಮಿಷಕ್ಕೆ 50ರ ಹತ್ತಿರ ಕಂಡಿತು. ಮಂಡಿ ನೋವಿನ ಬೇರು ಅಲ್ಲೇ ಇತ್ತು ಅನಿಸಿತು. ಈಗ 70ಕ್ಕಿಂತ ಕೆಳಗಿಳಿದರೆ ಗೇರ್ ಹಗುರ ಮಾಡುತ್ತೇನೆ. ನೋವು ತಗ್ಗಿದೆ.

ನನ್ನದರಲ್ಲಿ ಎರಡು ಪೀಸೂ ಒಂದೇ ಥರದವು, ಸೆಲ್ಲು ತೆಗೆದು ಹಾಕಿದರೆ ಸ್ಪೀಡಿನದು ಕೇಡೆನ್ಸ್ ಆಗುತ್ತದೆ. ನಿಮ್ಮದು ಬರೀ ಆಫೀಸು ಮನೆ ಓಡಾಟ, ಟ್ರೇನರ್ ಇಲ್ಲ ಅಂದರೆ ಒಂದೇ ಪೀಸ್ ತಗೊಂಡು ಎಡ ಕ್ರ್ಯಾಂಕಿಗೆ ಕಟ್ಟಿ. ಉಳಿದ ದುಡ್ಡಿಗೆ ಒಳ್ಳೆಯ ಹಿಂದಿನ ಲೈಟ್ ಬರುತ್ತದೆ.