ಧಾರವಾಡದ ಕಥಾ ಕಮ್ಮಟ: ಮನೆಯ ಮಾತಿಗೆ ಯಹೂದಿ ಕಥೆಯ ಕಟ್ಟು

ಸಾಧನಕೇರಿ ಹತ್ತಿರ ಶನಿವಾರ, ಭಾನುವಾರ ನಡೆಯುವ ಈ ಕಮ್ಮಟದಲ್ಲಿ ಮನೆತನದ ನೆನಪುಗಳನ್ನು ಕಥೆಯಾಗಿ ಕಟ್ಟುವುದನ್ನು ಕಲಿಸುತ್ತಾರೆ. ಮಾದರಿಗೆ ಇಟ್ಟುಕೊಂಡದ್ದು ಪೂರ್ವ ಯುರೋಪಿನ ಯಹೂದಿ ಕಥೆಗಳನ್ನು. ಆಯ್ಕೆ ಸರಿಯಾಗಿಯೇ ಇದೆ. ಆ ಯಹೂದಿಗಳ ಆಡುಮಾತಾದ ಯಿಡ್ಡಿಷ್‌ನಲ್ಲಿ ಬರೆದು 1978ರಲ್ಲಿ ನೊಬೆಲ್ ಪಡೆದ ಐಸಾಕ್ ಬಾಶೆವಿಸ್ ಸಿಂಗರ್‌ಗೆ ಸಾಮಗ್ರಿ ಸಿಕ್ಕಿದ್ದು ವಾರ್ಸಾದ ತಮ್ಮ ಮನೆಯಲ್ಲೇ. ತಂದೆ ರಬ್ಬಿ, ಅಂದರೆ ಯಹೂದಿ ಧರ್ಮಗುರು. ಜಗಳ, ವಿಚ್ಛೇದನ ಹೊತ್ತುಕೊಂಡು ಮಂದಿ ಅವರೆದುರು ಬಂದು ಕೂರುತ್ತಿದ್ದರು, ಹುಡುಗ ಕೇಳಿಸಿಕೊಳ್ಳುತ್ತಿದ್ದ. ಪಡಸಾಲೆಯಲ್ಲಿ ಪಂಚಾಯ್ತಿ ಕಂಡು ಬೆಳೆದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಶನಿವಾರದ ಪಾಠ ಗಟ್ಟಿಯಾಗಿದೆ. ಮನೆಯ ಒಂದು ಘಟನೆಯನ್ನು ಅರ್ಧ ಪುಟದಲ್ಲಿ ಬರೆದು ತರಬೇಕು. ಮೊದಲು ಆಡಿನ ಕಥೆ ಓದುತ್ತಾರೆ: ಮನೆ ಇಕ್ಕಟ್ಟೆಂದು ಗೋಳಾಡುವವನಿಗೆ ರಬ್ಬಿ ಆಡನ್ನೂ ಒಳಗೇ ಕಟ್ಟು ಅನ್ನುತ್ತಾನೆ, ಗೋಳು ಹೆಚ್ಚಿದ ಮೇಲೆ ಹೊರಗೆ ಬಿಡಿಸುತ್ತಾನೆ, ಅದೇ ಮನೆ ಈಗ ಅಗಲ ಅನ್ನಿಸುತ್ತದೆ. ಇದನ್ನು ಐದು ವಾಕ್ಯಕ್ಕೆ ಇಳಿಸಬೇಕು: ದೂರು, ಸಲಹೆ, ಇನ್ನಷ್ಟು ಕಷ್ಟ, ತೆರವು, ನಿರಾಳ. ಆಮೇಲೆ ಆಡನ್ನೂ ರಬ್ಬಿಯನ್ನೂ ಅಳಿಸಿ ತಂದ ಘಟನೆಯನ್ನು ಅಲ್ಲಿ ಕೂಡಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ರಬ್ಬಿಯ ಜಾಗಕ್ಕೆ ಸ್ವಾಮಿಗಳನ್ನು ತಂದರೆ ಕಥೆ ಪ್ರವಚನವಾಗುತ್ತದೆ. ಆ ಮನೆಯಲ್ಲಿ ನಿಜಕ್ಕೂ ಯಾರ ಮಾತು ನಡೆಯುತ್ತಿತ್ತೋ, ದೊಡ್ಡವ್ವನದೋ, ಲೆಕ್ಕ ಬರೆಯುವ ಕಾಕಾನದೋ, ಅವರೇ ಬರಬೇಕು. ಕಲಿಸುವವರು ಇದನ್ನು ಒಬ್ಬೊಬ್ಬರ ಹಾಳೆ ಹಿಡಿದು ತಾಳ್ಮೆಯಿಂದ ತಿದ್ದುತ್ತಾರೆ.

ಪೋಲೆಂಡಿನ ಖೆಲ್ಮ್ ಊರಿನ ಪೆದ್ದ ಪಂಡಿತರ ಕಥೆಗಳ ಜೊತೆ, ಹೊಳೆ ದಾಟಿ ತಮ್ಮನ್ನೇ ಬಿಟ್ಟು ಎಣಿಸುವ ಗುರು-ಶಿಷ್ಯರ ಕಥೆ ಇಟ್ಟಿದ್ದು ಚಂದ. ವ್ಯತ್ಯಾಸ ಮಾತ್ರ ಹೇಳುವುದಿಲ್ಲ. ಖೆಲ್ಮಿನ ಹಿರಿಯರು ಸಭೆ ಸೇರಿ, ತರ್ಕ ಹೂಡಿ, ಹಂತ ಹಂತವಾಗಿ ತಪ್ಪುತ್ತಾರೆ. ನಗು ಹುಟ್ಟುವುದು ಆ ತರ್ಕದಲ್ಲಿ. ಅದನ್ನು ಬಿಟ್ಟು ಬರೆದರೆ ನಮ್ಮ ಕಥೆಯ ಸೋದರಮಾವ ಬರೀ ದಡ್ಡನಾಗಿ ಉಳಿಯುತ್ತಾನೆ. ಯಹೂದಿ ಪ್ರವಾದಿ ಎಲೀಯನು ಭಿಕ್ಷುಕನ ವೇಷದಲ್ಲಿ ಬರುವ ಕಥೆಗೂ ಹೀಗೇ ಆಗಿದೆ: ಪಾಸೋವರ್ ಎಂಬ ಯಹೂದಿ ಹಬ್ಬದ ಊಟದ ರಾತ್ರಿ ಅವನಿಗೆಂದೇ ಒಂದು ಲೋಟ ದ್ರಾಕ್ಷಾರಸ ತುಂಬಿಟ್ಟು ಬಾಗಿಲು ತೆರೆಯುತ್ತಾರೆ ಎಂಬುದು ಕಮ್ಮಟದ ಟಿಪ್ಪಣಿಯಲ್ಲೇ ಇಲ್ಲ.

ಭಾನುವಾರ ಬೆಳಗ್ಗೆ ಹಿರಿಯರ ಮಾತನ್ನು ರೆಕಾರ್ಡ್ ಮಾಡುವ ಪಾಠ. ಫ್ಯಾನ್ ಬಂದ್ ಮಾಡಿ, ಮೊಬೈಲನ್ನು ಮಡಚಿದ ಟವೆಲ್ ಮೇಲಿಡಿ, ಇಲ್ಲದಿದ್ದರೆ ಮೇಜಿನ ಸದ್ದೆಲ್ಲ ಸೇರುತ್ತದೆ. ‘ಕಥಿ ಹೇಳ್ರಿ’ ಅಂದರೆ ಹಿರಿಯರು ಸುಮ್ಮನಾಗುತ್ತಾರೆ. ‘ಈ ಕೊಪ್ಪರಿಗಿ ಯಾರ ಮನಿಯಿಂದ ಬಂತು?’ ಅಂದರೆ ಮಾತು ನಿಲ್ಲುವುದಿಲ್ಲ. ಇಷ್ಟು ಒಳ್ಳೆಯದನ್ನು ಕಲಿಸಿ, ಮಧ್ಯಾಹ್ನ ‘ಹೋಗ್ಯಾನ’ವನ್ನು ‘ಹೋಗಿದ್ದಾನೆ’ ಎಂದು ತಿದ್ದಿಸುವುದು ದೊಡ್ಡ ತಪ್ಪು. ಯಿಡ್ಡಿಷ್ ಕಥೆಗಾರ ಶೊಲೆಮ್ ಅಲೈಖೆಮ್‌ರ ಹಾಲು ಮಾರುವ ತೆವ್ಯೆ ಲೇಖಕನೆದುರು ಮಾತಾಡುತ್ತಲೇ ಕಥೆ ನಡೆಸುತ್ತಾನೆ. ಆ ಮಾತಿನ ಧಾಟಿ ತೆಗೆದರೆ ತೆವ್ಯೆಯೇ ಇಲ್ಲ.

ಹೆಸರು ನೋಂದಾಯಿಸುವಾಗಲೇ ಸಂಭಾಷಣೆಯ ಆಡುಮಾತು ತಿದ್ದಬೇಡಿ ಎಂದು ಹೇಳಿಬಿಡಿ. ಕಮ್ಮಟದ ಕೊನೆಗೆ ಕಥೆ ಓದುವಾಗ ಮೊದಲ ಸರದಿ ಕೇಳಿ ಪಡೆಯಿರಿ. ಹೊತ್ತು ಸಾಲದೆ ಕೊನೆಗೆ ಓದುವವರ ಕಥೆಗಳನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ.